ನಮ್ಮೂರ ಮಕ್ಕಳ ಆರೋಗ್ಯ ಪರೀಕ್ಷೆಯ ಲೆಕ್ಕ ಇಂಟರ್‌ನೆಟ್‌ನಲ್ಲಿ ಸಿಕ್ಕಿತು. ಇದು ಸರಿಯಾ?

ಕೆರೆಕೋಡಿ
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. 2017ರಲ್ಲಿ ಒಂದು ಸಂಶೋಧನಾ ತಂಡ ನಮ್ಮೂರ ಶಾಲೆಗೆ ಬಂದಿತ್ತು. ಮಕ್ಕಳ ಹಲ್ಲಿನ ಫೋಟೊ ತೆಗೆದರು. ಡಬ್ಬಿಗಳಲ್ಲಿ ಮೂತ್ರ ಹಿಡಿದರು. ಬೋರ್‌ವೆಲ್ ನೀರನ್ನೂ ತುಂಬಿಕೊಂಡರು. ಚಿತ್ರ ತೋರಿಸಿ, ಪ್ರಶ್ನೆ ಕೇಳಿ ಬುದ್ಧಿ ಪರೀಕ್ಷೆ ಮಾಡಿದರು. ಮಕ್ಕಳಿಗೆ ಒಂದೊಂದು ಜಾಮಿಟ್ರಿ ಬಾಕ್ಸ್ ಕೊಟ್ಟರು. ಎರಡು ತಿಂಗಳಲ್ಲಿ ರಿಪೋರ್ಟ್ ಕಳಿಸುತ್ತೇವೆ ಅಂದರು. ಬರಲಿಲ್ಲ. ನಾವೂ ಮರೆತುಬಿಟ್ಟೆವು.

ನನ್ನ ಅಕ್ಕನ ಮಗಳು ಆಗ ಆರನೇ ಕ್ಲಾಸಿನಲ್ಲಿದ್ದಳು. ಈಗ ಬಿಎಸ್ಸಿ ಓದುತ್ತಿದ್ದಾಳೆ. ಹೋದ ತಿಂಗಳು ಕಾಲೇಜಿನ ಪ್ರಾಜೆಕ್ಟಿಗೆ ಫ್ಲೋರೈಡ್ ಬಗ್ಗೆ, ಅಂದರೆ ನೀರಿನಲ್ಲಿ ಜಾಸ್ತಿಯಾದರೆ ಹಲ್ಲಿಗೆ ಕಲೆ ಹಿಡಿಸುವ ಲವಣದ ಬಗ್ಗೆ, ಹುಡುಕುವಾಗ ಅವಳಿಗೆ ಒಂದು ಲೇಖನ ಸಿಕ್ಕಿತು. ಅದರಲ್ಲಿ ನಮ್ಮೂರ ಹೆಸರಿತ್ತು. ಕೆಳಗೆ ಒಂದು ಕೊಂಡಿ, ಒತ್ತಿದರೆ ಪೂರ್ತಿ ಪಟ್ಟಿ ಡೌನ್‌ಲೋಡ್ ಆಗುತ್ತದೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು.

ಪಟ್ಟಿಯಲ್ಲಿ ಮಕ್ಕಳ ಹೆಸರಿಲ್ಲ. ಆದರೆ ವಯಸ್ಸು, ಹುಡುಗನೋ ಹುಡುಗಿಯೋ, ತಂದೆಯ ಕೆಲಸ, ತಾಯಿಯ ಕೆಲಸ ಇದೆ. ಒಂದು ಸಾಲು ಹೀಗಿದೆ: ಹುಡುಗಿ, 11 ವರ್ಷ, ತಾಯಿ ಅಂಗನವಾಡಿ ಕಾರ್ಯಕರ್ತೆ. ನಮ್ಮೂರಲ್ಲಿರುವುದು ಒಂದೇ ಅಂಗನವಾಡಿ. ಅಲ್ಲಿನ ಕಾರ್ಯಕರ್ತೆ ನಮ್ಮಕ್ಕ.

ಆ ಸಾಲಿನ ಕೊನೆಯಲ್ಲಿ ಬುದ್ಧಿ ಪರೀಕ್ಷೆಯ ಅಂಕ. ಮಗು ಅದನ್ನು ಫೋನಿನಲ್ಲಿ ನನಗೆ ಓದಿ ಹೇಳಿದಳು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಇನ್ನೊಂದು ವಿಷಯ. ಅದೇ ಲೇಖನದಲ್ಲಿ ನಮ್ಮೂರ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿಗಿಂತ ಜಾಸ್ತಿ ಇದೆ ಅಂತ ಬರೆದಿದ್ದಾರೆ. ಪಂಚಾಯಿತಿಗೂ ಹೇಳಿಲ್ಲ, ಶಾಲೆಗೂ ಹೇಳಿಲ್ಲ. ಇಷ್ಟು ವರ್ಷ ಮಕ್ಕಳು ಅದೇ ನೀರು ಕುಡಿದರು. ಅವರು ಪ್ರಕಟ ಮಾಡದೇ ಇದ್ದಿದ್ದರೆ ನಮಗೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಯಾವುದಕ್ಕೆ ಸಿಟ್ಟು ಮಾಡಿಕೊಳ್ಳಬೇಕು ಅನ್ನುವುದೇ ತಿಳಿಯುತ್ತಿಲ್ಲ. ನಿಮಗೆ ಏನನ್ನಿಸುತ್ತದೆ?


ಟೊಮೆಟೊ ತೋಟ
ಭಾನುವಾರ, ರಾತ್ರಿ 9:58

ಯಾವ ಊರು ಅಕ್ಕ?


ಕೆರೆಕೋಡಿ
ಭಾನುವಾರ, ರಾತ್ರಿ 10:03

ಊರಿನ ಹೆಸರು ಬರೆಯುವುದಿಲ್ಲ ಅಣ್ಣ. ತಾಲ್ಲೂಕು, ವರ್ಷ, ಎರಡರಲ್ಲಿ ಒಂದನ್ನು ಬೇಕಂತಲೇ ಬದಲಿಸಿ ಬರೆದಿದ್ದೇನೆ. ಅಕ್ಕನ ಮಗಳನ್ನು ಯಾರೂ ಹುಡುಕಬಾರದು.


ಊರಿನ ಆಶಾ
ಭಾನುವಾರ, ರಾತ್ರಿ 10:21

ನಾನು ಶ್ರೀನಿವಾಸಪುರದ ಕಡೆ ಆಶಾ ಕಾರ್ಯಕರ್ತೆ. ಇದನ್ನು ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ಯಾಕೆಂದರೆ ಇಂಥ ತಂಡಗಳನ್ನು ಮನೆಮನೆಗೆ ಕರೆದುಕೊಂಡು ಹೋಗುವುದು ನಾವೇ.

ಹೊಸಬರು ಬಂದು ಬಾಗಿಲು ತಟ್ಟಿದರೆ ಯಾರೂ ರಕ್ತ ಕೊಡುವುದಿಲ್ಲ. ನಾನು ಹೋಗಿ "ಅಜ್ಜಿ, ಒಂದೇ ಒಂದು ಚುಚ್ಚು, ನಾನಿದ್ದೇನೆ" ಅಂದರೆ ಕೈ ಚಾಚುತ್ತಾರೆ. ಆ ಕೈ ಚಾಚುವುದು ನನ್ನ ಮುಖ ನೋಡಿ. ತಂಡದವರು ಸಂಜೆ ಜೀಪು ಹತ್ತಿ ಹೋಗುತ್ತಾರೆ. ನಾನು ಇಲ್ಲೇ ಇರುತ್ತೇನೆ. ಹಾಲಿನ ಡೇರಿ ಹತ್ತಿರ, ರೇಷನ್ ಅಂಗಡಿ ಹತ್ತಿರ, ಎಲ್ಲಿ ಸಿಕ್ಕರೂ "ರಿಪೋರ್ಟ್ ಎಲ್ಲಮ್ಮ?" ಅಂತ ನನ್ನನ್ನೇ ಕೇಳುತ್ತಾರೆ. ಒಬ್ಬ ಅಜ್ಜಿ ಎರಡು ವರ್ಷ ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟರು. ಹೋದ ಮಳೆಗಾಲದಲ್ಲಿ ಡೆಂಗಿ ಸರ್ವೆಗೆ ಹೋದಾಗ ಆ ಮನೆಯವರು ಬಾಗಿಲೇ ತೆಗೆಯಲಿಲ್ಲ.

ಡೇಟಾ ಹಂಚಬೇಕೋ ಬೇಡವೋ ಅದೆಲ್ಲ ದೊಡ್ಡವರ ಮಾತು. ಮೊದಲು ಕೊಟ್ಟವರಿಗೆ ಹೇಳಿ. ನನಗೆ ಅಷ್ಟೇ ಬೇಕು.


ರೇಷ್ಮೆ ಗೂಡು
ಭಾನುವಾರ, ರಾತ್ರಿ 10:40

ಇದು ನೇರವಾಗಿ ಕಳ್ಳತನ. ನಮ್ಮ ಜನರ ರಕ್ತ, ಮೂತ್ರ ತೆಗೆದುಕೊಂಡು ಹೋಗಿ ಹೊರದೇಶದವರಿಗೆ ಕೊಡುತ್ತಾರೆ. ಡೇಟಾ ಹಂಚುವುದನ್ನೇ ನಿಲ್ಲಿಸಬೇಕು. ನಮ್ಮ ದೇಶದ ಆರೋಗ್ಯದ ಲೆಕ್ಕ ನಮ್ಮಲ್ಲೇ ಇರಲಿ.


ಎಣಿಕೆ
ಸೋಮವಾರ, ಬೆಳಿಗ್ಗೆ 7:15

ನಾನು ತುಮಕೂರಿನವನು, ಸಮುದಾಯ ಆರೋಗ್ಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ರೇಷ್ಮೆ ಗೂಡು ಅವರ ಸಿಟ್ಟು ಅರ್ಥ ಆಗುತ್ತದೆ, ಆದರೆ ಮಾತು ಒಪ್ಪುವುದಿಲ್ಲ.

ಡೇಟಾ ಹಂಚುವುದು ಪಾಪ ಅಲ್ಲ. ಒಬ್ಬರು ಸಂಗ್ರಹಿಸಿದ್ದನ್ನು ಬೀಗ ಹಾಕಿ ಇಟ್ಟರೆ ಇನ್ನೊಬ್ಬರು ಅದೇ ಮಕ್ಕಳಿಗೆ ಮತ್ತೆ ಸೂಜಿ ಚುಚ್ಚಬೇಕಾಗುತ್ತದೆ. ಲೆಕ್ಕ ತಪ್ಪಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ 2011ರಲ್ಲಿ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಮತ್ತು ಅದರ ಹಾಗೆ ಆರೋಗ್ಯ ಸಂಶೋಧನೆಗೆ ಹಣ ಕೊಡುವ ಹಲವು ಸಂಸ್ಥೆಗಳು ಸೇರಿ ಒಂದು ಜಂಟಿ ಹೇಳಿಕೆ ಕೊಟ್ಟವು. ಸಾರ್ವಜನಿಕ ಆರೋಗ್ಯದ ಡೇಟಾ ಹಂಚಿಕೊಳ್ಳಬೇಕು, ಆದರೆ ನ್ಯಾಯವಾಗಿ, ನೈತಿಕವಾಗಿ, ವ್ಯರ್ಥ ಆಗದಂತೆ ಹಂಚಬೇಕು ಅಂತ. ಡೇಟಾ ಕೊಟ್ಟ ಜನ, ಅದನ್ನು ಸಂಗ್ರಹಿಸಿದವರು, ಆಮೇಲೆ ಬಳಸುವವರು, ಮೂವರ ಹಿತವನ್ನೂ ನೋಡಬೇಕು ಅಂತಲೂ ಅದರಲ್ಲಿದೆ.

ಕೆರೆಕೋಡಿ ಅವರ ಊರಿನಲ್ಲಿ ಆದ ತಪ್ಪು ಬೇರೆ. ಹೆಸರು ತೆಗೆದರೆ ಸಾಕು ಅಂದುಕೊಂಡಿದ್ದಾರೆ. ಸಾಕಾಗುವುದಿಲ್ಲ. ಅಮೆರಿಕದಲ್ಲಿ 1997ರಲ್ಲಿ ಲತಾನ್ಯ ಸ್ವೀನಿ ಎಂಬ ವಿದ್ಯಾರ್ಥಿನಿ ಹೆಸರಿಲ್ಲದ ಆಸ್ಪತ್ರೆ ದಾಖಲೆಗಳಿಂದ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಅವರ ದಾಖಲೆಯನ್ನೇ ಹುಡುಕಿ ತೆಗೆದರು. ಅವರು ಬಳಸಿದ್ದು ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್. ಜೊತೆಗೆ ದುಡ್ಡು ಕೊಟ್ಟು ಕೊಂಡ ಒಂದು ಮತದಾರರ ಪಟ್ಟಿ. ಅಷ್ಟು ದೊಡ್ಡ ಊರಲ್ಲೇ ಹೀಗಾದರೆ, ಒಂದೇ ಅಂಗನವಾಡಿ ಇರುವ ಹಳ್ಳಿಯಲ್ಲಿ ತಾಯಿಯ ಕೆಲಸ ಬರೆಯುವುದೂ ಹೆಸರು ಬರೆಯುವುದೂ ಒಂದೇ.

ಅಂದಹಾಗೆ ಮೇಡಂ, ತಾಲ್ಲೂಕೋ ವರ್ಷವೋ ಬದಲಿಸಿದ್ದೇನೆ ಅಂದಿರಲ್ಲ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಅಂಥದ್ದೇ ಮಾಡುತ್ತಾರೆ. ಸಮೀಕ್ಷೆ ನಡೆದ ಜಾಗದ ಗುರುತನ್ನು ಹಂಚುವ ಮೊದಲು ನಕ್ಷೆಯಲ್ಲಿ ಸರಿಸಿಬಿಡುತ್ತಾರೆ. ಪಟ್ಟಣವಾದರೆ 2 ಕಿ.ಮೀ. ತನಕ, ಹಳ್ಳಿಯಾದರೆ 5 ಕಿ.ಮೀ. ತನಕ. ಕೆಲವನ್ನು 10 ಕಿ.ಮೀ. ತನಕವೂ ಸರಿಸುತ್ತಾರೆ. ಜಿಲ್ಲೆಯ ಲೆಕ್ಕ ಕೆಡುವುದಿಲ್ಲ, ಮನೆ ಮಾತ್ರ ಸಿಗುವುದಿಲ್ಲ.


ರೇಷ್ಮೆ ಗೂಡು
ಸೋಮವಾರ, ಬೆಳಿಗ್ಗೆ 8:02

ಎಣಿಕೆ ಸರ್, ನೀವು ಒಳಗಿನವರು, ಹಾಗೇ ಹೇಳುತ್ತೀರಿ. ಇಂಡೋನೇಷ್ಯಾ ಏನು ಮಾಡಿತು ನೋಡಿ. ಹಕ್ಕಿಜ್ವರದ ವೈರಸ್ ಸ್ಯಾಂಪಲ್‌ಗಳನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಬಿಟ್ಟಿಯಾಗಿ ಕಳಿಸುತ್ತಿದ್ದರು. ಆಸ್ಟ್ರೇಲಿಯಾದ ಒಂದು ಕಂಪನಿ ಅದೇ ವೈರಸ್‌ನಿಂದ ಲಸಿಕೆ ಮಾಡಲು ಹೊರಟಿತು. ಆ ಲಸಿಕೆ ಕೊಳ್ಳುವ ಶಕ್ತಿ ಇಂಡೋನೇಷ್ಯಾಕ್ಕೇ ಇರಲಿಲ್ಲ. ಆಗಿನ ಆರೋಗ್ಯ ಸಚಿವೆ ಸಿಟಿ ಫದಿಲಾ ಸುಪಾರಿ ಸ್ಯಾಂಪಲ್ ಕಳಿಸುವುದನ್ನು ನಿಲ್ಲಿಸಿದರು. ಪ್ರಪಂಚವೆಲ್ಲ ಬೈದಿತು. ಆದರೆ ಕೊನೆಗೆ ಏನಾಯಿತು? 2011ರಲ್ಲಿ ಹೊಸ ಒಪ್ಪಂದ ಬಂತು. ಸ್ಯಾಂಪಲ್ ಕೊಟ್ಟವರಿಗೂ ಲಸಿಕೆ, ಔಷಧದಲ್ಲಿ ಪಾಲು ಸಿಗಬೇಕು ಅಂತಾಯಿತು. ಬಾಗಿಲು ಹಾಕಿದ ಮೇಲೇ ಬೆಲೆ ಬಂದಿದ್ದು.


ಎಣಿಕೆ
ಸೋಮವಾರ, ಬೆಳಿಗ್ಗೆ 8:30

ಆ ಉದಾಹರಣೆ ಸರಿ. ಅವರ ಕೋಪ ನ್ಯಾಯವಾದದ್ದೇ. ಆದರೆ ಅವರೂ ಹಂಚುವುದೇ ಬೇಡ ಅಂತ ಕೊನೆಗೊಳಿಸಲಿಲ್ಲ. ಹಂಚಿದರೆ ನಮಗೇನು ಅಂತ ಕೇಳಿ, ಉತ್ತರ ಪಡೆದರು.


ಸ್ಯಾಂಪಲ್ ಡಬ್ಬಿ
ಸೋಮವಾರ, ಬೆಳಿಗ್ಗೆ 9:12

ನಾನು ಹಲವು ಸರ್ವೆಗಳಲ್ಲಿ ಫೀಲ್ಡ್ ಕೆಲಸ ಮಾಡಿದ್ದೇನೆ. ಪಾವಗಡದ ಏಪ್ರಿಲ್ ಬಿಸಿಲಿನಲ್ಲಿ ಐಸ್ ಬಾಕ್ಸ್ ಹೊತ್ತುಕೊಂಡು ನಡೆದಿದ್ದೇನೆ. ಐಸ್ ಕರಗುವ ಮೊದಲು ಲ್ಯಾಬ್ ಮುಟ್ಟಿಸಬೇಕು, ಊಟ ಆಮೇಲೆ.

ಇಲ್ಲಿ ಯಾರೂ ಹೇಳದ ಒಂದು ಮಾತಿದೆ. ಡೇಟಾ ತಕ್ಷಣ ತೆರೆದಿಡಿ ಅಂದರೆ ಯಾರಿಗೆ ಲಾಭ? ದೊಡ್ಡ ದೇಶದ ದೊಡ್ಡ ತಂಡಕ್ಕೆ. ಅಲ್ಲಿ ಲೆಕ್ಕ ಹಾಕುವವರು ಹತ್ತು ಜನ ಕೂತಿರುತ್ತಾರೆ. ನಮ್ಮ ಸಣ್ಣ ಕಾಲೇಜಿನ ಮೇಡಂ ಹಗಲು ಪಾಠ ಮಾಡಿ, ಸಂಜೆ ಓಪಿಡಿ ನೋಡಿ, ರಾತ್ರಿ ಡೇಟಾ ತುಂಬುತ್ತಾರೆ. ಅವರು ಒಂದು ಲೇಖನ ಬರೆಯುವಷ್ಟರಲ್ಲಿ ಅಲ್ಲಿಯವರು ಮೂರು ಬರೆದಿರುತ್ತಾರೆ. ನಮ್ಮ ಹೆಸರು ಎಲ್ಲೋ ಮಧ್ಯದಲ್ಲಿ, ಇಲ್ಲ ಅಂದರೆ ಕೊನೆಯ ಧನ್ಯವಾದದಲ್ಲಿ. ಮೊದಲು ನಮ್ಮವರಿಗೆ ಒಂದೆರಡು ವರ್ಷ ಸಮಯ ಕೊಡಿ, ಲೆಕ್ಕ ಹಾಕುವುದನ್ನು ಕಲಿಸಿ. ಆಮೇಲೆ ಎಲ್ಲರಿಗೂ ತೆರೆಯಿರಿ. ನನಗೆ ಇದು ನ್ಯಾಯ ಅನ್ನಿಸುತ್ತದೆ.


ಊರಿನ ಆಶಾ
ಸೋಮವಾರ, ಬೆಳಿಗ್ಗೆ 9:20

ಡಬ್ಬಿ ಅಣ್ಣ, ನಿಮ್ಮ ಹೆಸರು ಬಂತೋ ಇಲ್ಲವೋ, ಅಜ್ಜಿಗೆ ರಿಪೋರ್ಟ್ ಬಂತಾ?


ಸ್ಯಾಂಪಲ್ ಡಬ್ಬಿ
ಸೋಮವಾರ, ಬೆಳಿಗ್ಗೆ 9:31

ಇಲ್ಲ ಅಕ್ಕ. ಕೆಲವು ಕಡೆ ಕೊಟ್ಟೆವು, ಬಹಳ ಕಡೆ ಕೊಡಲಿಲ್ಲ. ಪ್ರಾಜೆಕ್ಟಿನ ದುಡ್ಡು ಮುಗಿದರೆ ವಾಪಸ್ ಹೋಗಲು ಗಾಡಿಗೂ ದುಡ್ಡಿರುವುದಿಲ್ಲ. ಮೊದಲ ದಿನವೇ ಅದಕ್ಕೆ ಹಣ ತೆಗೆದಿಡಬೇಕಿತ್ತು. ನಿಮ್ಮ ಮಾತು ನಿಜ.


ಟೊಮೆಟೊ ತೋಟ
ಸೋಮವಾರ, ಬೆಳಿಗ್ಗೆ 10:05

ಡೇಟಾ ಅಂದಾಗ ನೆನಪಾಯಿತು. ಕೆ.ಸಿ. ವ್ಯಾಲಿ ನೀರಿನ ಕಥೆ ಏನು? 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಅದೇ ವರ್ಷ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತ್ತು, ಕೋರ್ಟಿಗೂ ಹೋಯಿತು. ಆ ನೀರಿನ ಪರೀಕ್ಷೆಯ ಲೆಕ್ಕ ಪ್ರತಿ ತಿಂಗಳು ಪಂಚಾಯಿತಿ ಗೋಡೆ ಮೇಲೆ ಬರೆಯಬೇಕು. ಅದನ್ನು ಯಾಕೆ ಯಾರೂ ಕೇಳುವುದಿಲ್ಲ?


ರೇಷ್ಮೆ ಗೂಡು
ಸೋಮವಾರ, ಬೆಳಿಗ್ಗೆ 10:11

ಅಣ್ಣ, ಆ ನೀರು ಬಂದ ಮೇಲೇ ಅಲ್ವಾ ನಿಮ್ಮ ಕಡೆ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದ್ದು? ಈಗ ಬೈಯುತ್ತೀರಾ?


ಟೊಮೆಟೊ ತೋಟ
ಸೋಮವಾರ, ಬೆಳಿಗ್ಗೆ 10:19

ನಾನು ಬೈಯಲಿಲ್ಲ. ನೀರು ಬಂತು, ನಾನೂ ಬೆಳೆ ತೆಗೆದೆ, ಕೋಲಾರ ಎಪಿಎಂಸಿಗೆ ಹಾಕಿದೆ. ಅದರಲ್ಲಿ ಏನಿದೆ ಅಂತ ತಿಳಿದುಕೊಳ್ಳುವ ಹಕ್ಕು ನನಗಿದೆ ಅಂದೆ, ಅಷ್ಟೇ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಇಷ್ಟು ವರ್ಷದಿಂದ ಕೇಳುತ್ತಿದ್ದೇವೆ.


ಬಾಗೇಪಲ್ಲಿ ಬಂಡೆ
ಸೋಮವಾರ, ಮಧ್ಯಾಹ್ನ 1:40

ವ್ಯಾಲಿ ನೀರಿಗೆ ಬೇರೆ ಚರ್ಚೆ ಶುರು ಮಾಡಿ. ಕೆರೆಕೋಡಿ ಅಕ್ಕನ ಪ್ರಶ್ನೆಗೆ ಬರೋಣ.

ಎಲ್ಲರೂ ಒಂದು ಮಗುವಿನ ಗುರುತಿನ ಬಗ್ಗೆ ಮಾತಾಡುತ್ತಿದ್ದೀರಿ. ಊರಿನ ಹೆಸರಿನ ಬಗ್ಗೆ ಯಾರೂ ಹೇಳುತ್ತಿಲ್ಲ. ನಮ್ಮ ಕಡೆ ಫ್ಲೋರೈಡ್ ಅಂದರೆ ಏನು ಗೊತ್ತಾ? ಹೆಣ್ಣು ನೋಡಲು ಬಂದವರು ಹುಡುಗಿಗೆ "ಒಂದು ಸಲ ನಗಮ್ಮ" ಅಂತಾರೆ. ಹಲ್ಲು ನೋಡಲು. ನನ್ನ ತಂಗಿ ನಗುವಾಗ ಇವತ್ತಿಗೂ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಮದುವೆಯಾಗಿ ಒಂಬತ್ತು ವರ್ಷ ಆಯಿತು, ಅಭ್ಯಾಸ ಹೋಗಿಲ್ಲ.

ಹಲ್ಲಿನ ಮಾತಾದರೂ ಸಹಿಸಬಹುದು. ಈಗ ಇದಕ್ಕೆ ಬುದ್ಧಿಯ ಅಂಕವನ್ನೂ ಸೇರಿಸಿದ್ದಾರೆ. "ಆ ಊರಿನ ಮಕ್ಕಳಿಗೆ ಬುದ್ಧಿ ಕಡಿಮೆಯಂತೆ, ಪೇಪರಿನಲ್ಲಿ ಬಂದಿದೆ" ಅಂತ ಯಾರಾದರೂ ಹೇಳಿದರೆ ಮುಗಿಯಿತು. ಆ ಸರ್ವೆಗೆ ಹೋಗದ ಮಗುವಿಗೂ, ಇನ್ನೂ ಹುಟ್ಟದ ಮಗುವಿಗೂ ಆ ಮಾತು ಅಂಟಿಕೊಳ್ಳುತ್ತದೆ. ಒಬ್ಬೊಬ್ಬರಿಂದ ಸಹಿ ತೆಗೆದುಕೊಂಡಿರಿ, ಸರಿ. ಇಡೀ ಊರಿನ ಪರವಾಗಿ ಸಹಿ ಹಾಕಿದವರು ಯಾರು?


ಎಣಿಕೆ
ಸೋಮವಾರ, ಮಧ್ಯಾಹ್ನ 2:25

ಬಂಡೆ ಅಣ್ಣ ಹೇಳಿದ್ದು ಈ ಚರ್ಚೆಯಲ್ಲೇ ತೂಕದ ಮಾತು. ಎರಡು ಸಂಗತಿ ಸೇರಿಸುತ್ತೇನೆ.

ವಿಷವಸ್ತುಗಳ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನ್ಯಾಷನಲ್ ಟಾಕ್ಸಿಕಾಲಜಿ ಪ್ರೋಗ್ರಾಂ 2024ರ ಆಗಸ್ಟ್‌ನಲ್ಲಿ ಒಂದು ವರದಿ ಕೊಟ್ಟಿತು. ಲೀಟರಿಗೆ 1.5 ಮಿ.ಗ್ರಾಂ.ಗಿಂತ ಜಾಸ್ತಿ ಫ್ಲೋರೈಡ್ ಇರುವ ನೀರಿಗೂ ಮಕ್ಕಳ ಐಕ್ಯೂ (ಬುದ್ಧಿ ಪರೀಕ್ಷೆಯ ಅಂಕ) ಕಡಿಮೆ ಇರುವುದಕ್ಕೂ ಸಂಬಂಧ ಕಾಣುತ್ತದೆ, ಇದರ ಮೇಲೆ ನಮಗೆ ಮಧ್ಯಮ ಮಟ್ಟದ ಭರವಸೆ ಇದೆ ಅಂದರು. ಇದು ಗುಂಪಿನ ಸರಾಸರಿಯ ಮಾತು. ಒಂದು ಮಗುವನ್ನು ತೋರಿಸಿ ಇವಳ ಅಂಕ ನೀರಿನಿಂದ ಹೀಗಾಯಿತು ಅಂತ ಯಾರೂ ಹೇಳಲಾಗುವುದಿಲ್ಲ. ಅಕ್ಕನ ಮಗಳಿಗೆ ದಯವಿಟ್ಟು ಇದನ್ನು ತಿಳಿಸಿ. ಅವಳು ಇವತ್ತು ಬಿಎಸ್ಸಿ ಓದುತ್ತಿದ್ದಾಳೆ, ತನ್ನ ಸಾಲನ್ನು ತಾನೇ ಹುಡುಕಿ ತೆಗೆದಿದ್ದಾಳೆ.

ಎರಡನೆಯದು ನನಗೇ ನೋವಾಗುವ ಸಂಗತಿ. ಆ ವರದಿ ನೋಡಿದ ಐಕ್ಯೂ ಅಧ್ಯಯನಗಳು ನಡೆದದ್ದು ಅಮೆರಿಕದ ಹೊರಗೆ. ಚೀನಾ, ಭಾರತ, ಮೆಕ್ಸಿಕೊ, ಇಂಥ ದೇಶಗಳಲ್ಲಿ. ಅಮೆರಿಕದಲ್ಲಿ ಬಹಳ ಕಡೆ ನಲ್ಲಿ ನೀರಿಗೆ ಹಲ್ಲಿನ ರಕ್ಷಣೆಗೆ ಅಂತ 0.7 ಮಿ.ಗ್ರಾಂ. ಬರುವಂತೆ ಫ್ಲೋರೈಡ್ ಹಾಕುತ್ತಾರೆ. ಅದನ್ನು ಮುಂದುವರಿಸಬೇಕೋ ಬೇಡವೋ ಅಂತ ಅವರು ವಾದ ಮಾಡಲು ನಮ್ಮಂಥವರ ಮಕ್ಕಳ ಲೆಕ್ಕ ಉಪಯೋಗಕ್ಕೆ ಬಂತು. ಲೆಕ್ಕ ಕೊಟ್ಟ ಊರಿನ ಬೋರ್‌ವೆಲ್ ಹಾಗೇ ಇದೆ.


ಹಳೇ ಮೇಷ್ಟ್ರು
ಸೋಮವಾರ, ಸಂಜೆ 6:50

ಗೌರಿಬಿದನೂರು ತಾಲ್ಲೂಕಿನಲ್ಲಿ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು. ಒಂದು ವಿಷಯ ಹೇಳಿಕೊಳ್ಳಬೇಕು.

ನಮ್ಮ ಶಾಲೆಗೂ ಇಂಥ ತಂಡ ಬಂದಿತ್ತು. ಒಪ್ಪಿಗೆ ಪತ್ರಗಳ ಕಟ್ಟು ನನ್ನ ಮೇಜಿನ ಮೇಲಿಟ್ಟರು. ಅಪ್ಪ ಅಮ್ಮಂದಿರೆಲ್ಲ ಕೂಲಿಗೆ ಹೋಗಿದ್ದರು. ಒಳ್ಳೆಯ ಕೆಲಸ, ಡಾಕ್ಟರು ಬಂದಿದ್ದಾರೆ, ಬಿಸಿಯೂಟದ ಹೊತ್ತಾಗುತ್ತಿದೆ. ನಾನೇ ಎಲ್ಲ ಮಕ್ಕಳ ಪರವಾಗಿ ಸಹಿ ಹಾಕಿದೆ. ಆಗ ಅದು ತಪ್ಪು ಅಂತ ಅನ್ನಿಸಲಿಲ್ಲ. ಆಮೇಲೆ ಓದಿದಾಗ ತಿಳಿಯಿತು. ಆಗ ಆಂಧ್ರದಲ್ಲಿದ್ದ, ಈಗ ತೆಲಂಗಾಣಕ್ಕೆ ಸೇರಿದ ಖಮ್ಮಂ ಜಿಲ್ಲೆಯಲ್ಲಿ ಎಚ್‌ಪಿವಿ (ಗರ್ಭಕೊರಳಿನ ಕ್ಯಾನ್ಸರ್ ತಡೆಯುವ) ಲಸಿಕೆಯ ಅಧ್ಯಯನ ನಡೆದಾಗ ಹಾಸ್ಟೆಲ್ ವಾರ್ಡನ್‌ಗಳು ಹೆಣ್ಣುಮಕ್ಕಳ ಪರವಾಗಿ ಸಹಿ ಹಾಕಿದ್ದರಂತೆ. 2010ರಲ್ಲಿ ಅದನ್ನು ನಿಲ್ಲಿಸಿದರು, ಸಂಸದೀಯ ಸಮಿತಿಯೂ ಕಟುವಾಗಿ ಬರೆಯಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ, 2017ರ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ತಂದೆ ತಾಯಿಯ ಒಪ್ಪಿಗೆ ಬೇಕು. ಅದರ ಮೇಲೆ 7ರಿಂದ 12 ವರ್ಷದ ಮಗು ಬಾಯಿಮಾತಿನಲ್ಲಿ ಹೂಂ ಅನ್ನಬೇಕು. 12 ದಾಟಿದವರಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಬೇಕು. ಮೇಷ್ಟ್ರು ಶಾಲೆಯ ಗೇಟು ತೆಗೆಯಲು ಒಪ್ಪಬಹುದು. ಮಗುವಿನ ಪರವಾಗಿ ಒಪ್ಪುವ ಹಕ್ಕು ನನಗಿರಲಿಲ್ಲ.

ಆ ಪತ್ರದ ಭಾಷೆಯನ್ನೂ ಹೇಳಬೇಕು. "ಮಾಹಿತಿಯುಕ್ತ ಸಮ್ಮತಿ", "ದತ್ತಾಂಶದ ದ್ವಿತೀಯ ಬಳಕೆ" ಅಂತೆಲ್ಲ ಇತ್ತು. ಕನ್ನಡ ಮೇಷ್ಟ್ರಾದ ನಾನೇ ಎರಡು ಸಲ ಓದಬೇಕಾಯಿತು. ನಮ್ಮ ಗಡಿ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಆ ತಾಯಂದಿರಿಗೆ ಅದನ್ನು ಓದಿ ಹೇಳಿದ್ದರೂ ಏನು ತಿಳಿಯುತ್ತಿತ್ತು?


ಕೆರೆಕೋಡಿ
ಸೋಮವಾರ, ಸಂಜೆ 7:15

ಮೇಷ್ಟ್ರೇ, ಇಷ್ಟು ಬಿಚ್ಚಿ ಹೇಳಿದ್ದಕ್ಕೆ ನಿಮಗೆ ನಮಸ್ಕಾರ. ನಮ್ಮ ಅಕ್ಕ ಸಹಿ ಹಾಕಿದ್ದಳು. ಹಲ್ಲು ಪರೀಕ್ಷೆಗೆ ಅಂತ ತಿಳಿದು ಹಾಕಿದ್ದಳು. ಇಂಟರ್‌ನೆಟ್‌ನಲ್ಲಿ ಹಾಕುತ್ತೇವೆ ಅಂತ ಯಾರೂ ಹೇಳಿದ ನೆನಪಿಲ್ಲ ಅಂತಾಳೆ.


ವಕಾಲತ್ತು
ಸೋಮವಾರ, ರಾತ್ರಿ 9:05

ಚಿಂತಾಮಣಿಯಿಂದ. ಕಾನೂನಿನ ಕಡೆಯಿಂದ ಎರಡು ಮಾತು.

2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಸಂಶೋಧನೆಗೆ ರಿಯಾಯಿತಿ ಇದೆ. ಒಬ್ಬ ವ್ಯಕ್ತಿಯ ಬಗ್ಗೆ ತೀರ್ಮಾನ ತೆಗೆದುಕೊಳ್ಳಲು ಬಳಸದಿದ್ದರೆ, ಸರ್ಕಾರ ಹೇಳಿದ ಮಾನದಂಡದಂತೆ ಇದ್ದರೆ, ಅಂತ ಷರತ್ತು. ಹಾಗಾಗಿ ಈ ಕಾಯ್ದೆ ಹಿಡಿದು ಹೊರಟರೆ ದಾರಿ ಉದ್ದ.

ಹತ್ತಿರದ ದಾರಿ ಎಥಿಕ್ಸ್ ಕಮಿಟಿ, ಅಂದರೆ ಸಂಶೋಧನೆ ನೈತಿಕವಾಗಿದೆಯಾ ಅಂತ ನೋಡುವ ಸಮಿತಿ. ಮನುಷ್ಯರ ಮೇಲೆ ನಡೆಯುವ ಪ್ರತಿ ಆರೋಗ್ಯ ಸಂಶೋಧನೆಗೂ ಒಂದು ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಲೇಖನದಲ್ಲೇ ಯಾವ ಕಮಿಟಿ ಅಂತ ಬರೆದಿರುತ್ತಾರೆ. ಅವರಿಗೆ ಒಂದು ಪತ್ರ ಬರೆಯಿರಿ. ಹೊರದೇಶದ ಪಾಲುದಾರರಿದ್ದರೆ ಐಸಿಎಂಆರ್‌ನಲ್ಲಿರುವ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಅನುಮತಿಯೂ ಬೇಕು. ಸಂಸ್ಥೆ ಸರ್ಕಾರದ್ದಾದರೆ ಆರ್‌ಟಿಐ ಹಾಕಿ ಆ ಕಾಗದಗಳನ್ನು ಕೇಳಬಹುದು. ನಿಮ್ಮಕ್ಕ ಸಹಿ ಹಾಕಿದ ಪತ್ರದ ಒಂದು ಪ್ರತಿ ಅವರ ಕೈಗೇ ಕೊಡಬೇಕಿತ್ತು. ಕೊಟ್ಟಿದ್ದರಾ?


ಕೆರೆಕೋಡಿ
ಸೋಮವಾರ, ರಾತ್ರಿ 9:09

ಇಲ್ಲ ಸರ್. ಜಾಮಿಟ್ರಿ ಬಾಕ್ಸ್ ಮಾತ್ರ.


ರೇಷ್ಮೆ ಗೂಡು
ಸೋಮವಾರ, ರಾತ್ರಿ 9:30

ಅಮೆರಿಕದಲ್ಲಿ ಹವಾಸುಪಾಯಿ ಅಂತ ಒಂದು ಬುಡಕಟ್ಟು ಇದೆ. 1990ರಿಂದ ಒಂದು ವಿಶ್ವವಿದ್ಯಾಲಯದವರು ಸಕ್ಕರೆ ಕಾಯಿಲೆಯ ಸಂಶೋಧನೆ ಅಂತ ಹೇಳಿ ಅವರ ರಕ್ತ ತೆಗೆದುಕೊಂಡರು. ಆಮೇಲೆ ಅದೇ ರಕ್ತದಲ್ಲಿ ಮಾನಸಿಕ ಕಾಯಿಲೆ, ಒಳಸಂಬಂಧದ ಮದುವೆ, ಅವರ ಪೂರ್ವಿಕರು ಎಲ್ಲಿಂದ ಬಂದರು, ಇದನ್ನೆಲ್ಲ ಹುಡುಕಿದರು. ಜನರಿಗೆ ಹೇಳಲೇ ಇಲ್ಲ. ಅವರು ಕೋರ್ಟಿಗೆ ಹೋದರು. 2010ರಲ್ಲಿ 7 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಉಳಿದ ರಕ್ತದ ಸ್ಯಾಂಪಲ್‌ಗಳನ್ನು ವಾಪಸ್ ಕೊಟ್ಟರು. ಒಂದು ಸಣ್ಣ ಬುಡಕಟ್ಟು ಮಾಡಿದ್ದನ್ನು ನಾವು ಯಾಕೆ ಮಾಡಬಾರದು?


ಕೆಜಿಎಫ್ ಮೊಮ್ಮಗ
ಸೋಮವಾರ, ರಾತ್ರಿ 11:20

ಎಲ್ಲರ ಮಾತು ಓದಿದೆ. ಮುಚ್ಚಿಡಬೇಕು ಅನ್ನುವವರಿಗೆ ನನ್ನ ಮನೆಯ ಕಥೆ ಹೇಳುತ್ತೇನೆ.

ನಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ನೆಲದೊಳಗೆ ಕೆಲಸ ಮಾಡಿದವರು. ಕೊನೆಯ ವರ್ಷಗಳಲ್ಲಿ ಅವರು ಮಲಗುತ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮನೆಯಲ್ಲಿ ಅದನ್ನು ದಮ್ಮು ಅನ್ನುತ್ತಿದ್ದರು. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಅಂತ ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಕೆಜಿಎಫ್‌ನಲ್ಲಿ 1940ರ ದಶಕದಲ್ಲೇ ಸಾವಿರಾರು ಗಣಿ ಕಾರ್ಮಿಕರ ಎದೆ ಪರೀಕ್ಷೆ ಮಾಡಿ ಎಷ್ಟು ಜನಕ್ಕೆ ಈ ಕಾಯಿಲೆ ಇದೆ ಅಂತ ಬರೆದು ಪ್ರಕಟಿಸಿದ್ದರು. ಭಾರತದಲ್ಲಿ ಸಿಲಿಕೋಸಿಸ್ ಬಗ್ಗೆ ಯಾರೇ ಬರೆದರೂ ಕೋಲಾರದ ಚಿನ್ನದ ಗಣಿಯ ಆ ಲೆಕ್ಕದಿಂದಲೇ ಶುರು ಮಾಡುತ್ತಾರೆ. ಗಣಿ 2001ರಲ್ಲಿ ಮುಚ್ಚಿತು. ಆ ಜನರಲ್ಲಿ ಬಹಳ ಮಂದಿ ಈಗ ಇಲ್ಲ. ಆ ಲೆಕ್ಕ ಮಾತ್ರ ಇದೆ. ಕಲ್ಲು ಕ್ವಾರಿಯಲ್ಲಿ ದುಡಿಯುವವರ ಪರವಾಗಿ ವಾದ ಮಾಡುವವರು ಇವತ್ತಿಗೂ ಅದನ್ನೇ ಮುಂದಿಡುತ್ತಾರೆ.

ಅವತ್ತು ಯಾರಾದರೂ ಗಣಿಯ ಹೆಸರು ಹೇಳಬೇಡಿ, ಊರಿಗೆ ಕೆಟ್ಟ ಹೆಸರು ಬರುತ್ತದೆ ಅಂದಿದ್ದರೆ ನಮ್ಮ ತಾತನದು ಬರೀ ದಮ್ಮು ಆಗಿ ಹೋಗುತ್ತಿತ್ತು. ಬಂಡೆ ಅಣ್ಣನ ನೋವು ನನಗೆ ತಿಳಿಯುತ್ತದೆ. ಆದರೂ ಊರಿನ ಹೆಸರು ಅಳಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಹೆಸರಿಲ್ಲದ ಊರಿಗೆ ಯಾವ ಸರ್ಕಾರ ಒಳ್ಳೆಯ ನೀರು ಕೊಡುತ್ತದೆ?


ಬಾಗೇಪಲ್ಲಿ ಬಂಡೆ
ಮಂಗಳವಾರ, ಬೆಳಿಗ್ಗೆ 6:30

ತಮ್ಮಾ, ರಾತ್ರಿಯೆಲ್ಲ ನಿನ್ನ ಮಾತೇ ತಲೆಯಲ್ಲಿತ್ತು. ನಿನ್ನ ತಾತನ ವಿಷಯದಲ್ಲಿ ನೀನು ಹೇಳಿದ್ದು ಸರಿ. ನನ್ನ ತಂಗಿಯ ವಿಷಯದಲ್ಲಿ ನಾನು ಹೇಳಿದ್ದೂ ಸುಳ್ಳಲ್ಲ. ಬಾವಿಯ ಲೆಕ್ಕ ಬೇರೆ, ಮಕ್ಕಳ ಲೆಕ್ಕ ಬೇರೆ ಮಾಡಲಾಗುವುದಿಲ್ಲವಾ?


ಎಣಿಕೆ
ಮಂಗಳವಾರ, ಬೆಳಿಗ್ಗೆ 7:40

ಮಾಡಬಹುದು. ನೀರಿನ ವಿಷಯದಲ್ಲಿ ಅರ್ಧ ಕೆಲಸ ಆಗಲೇ ಆಗಿದೆ. ಜಲಜೀವನ ಮಿಷನ್‌ನಲ್ಲಿ ಹಳ್ಳಿಗಳ ನೀರಿನ ಪರೀಕ್ಷೆಯ ಫಲಿತಾಂಶ ಊರಿನ ಹೆಸರಿನ ಸಮೇತ ಸರ್ಕಾರದ ಪೋರ್ಟಲ್‌ನಲ್ಲಿ ತೆರೆದಿದೆ. ಬೋರ್‌ವೆಲ್‌ಗೆ ಮಾನ ಮರ್ಯಾದೆಯ ಪ್ರಶ್ನೆ ಇಲ್ಲ. ಅದರ ಹೆಸರು, ಜಾಗ, ಫ್ಲೋರೈಡ್ ಎಷ್ಟು, ಎಲ್ಲ ಗೋಡೆ ಮೇಲೆ ಬರೆಯಿರಿ.

ಮಕ್ಕಳ ಲೆಕ್ಕವನ್ನು ಹಾಗೆ ಎಲ್ಲರಿಗೂ ತೆರೆಯುವುದು ಬೇಡ. ಊರಿನ ಬದಲು ಒಂದು ಸಂಖ್ಯೆ. ವಯಸ್ಸು 11 ಅನ್ನುವ ಬದಲು 9ರಿಂದ 12. ತಾಯಿಯ ಕೆಲಸ "ಸಂಬಳದ ಕೆಲಸ" ಅಂತ ಇದ್ದರೆ ಸಾಕು. ಬೇಕಾದ ಸಂಶೋಧಕರು ಅರ್ಜಿ ಹಾಕಲಿ, ಯಾಕೆ ಬೇಕು ಅಂತ ಬರೆಯಲಿ, ಒಂದು ಸಮಿತಿ ನೋಡಿ ಕೊಡಲಿ. ಆ ಸಮಿತಿಯಲ್ಲಿ ಊರಿನವರೂ ಇರಬೇಕು ಅನ್ನುವುದು ನನ್ನ ಆಸೆ.

ಡೇಟಾ ಎಲ್ಲಿ ಇಡುತ್ತೀರಿ ಅನ್ನುವುದೂ ಮುಖ್ಯ. ನಮ್ಮ ಕುಟುಂಬ ಆರೋಗ್ಯ ಸಮೀಕ್ಷೆಯ ಮೂಲ ಡೇಟಾವನ್ನು ಸಂಶೋಧಕರೆಲ್ಲ ಪಡೆಯುತ್ತಿದ್ದದ್ದು ಅಮೆರಿಕದ ಹಣದಿಂದ ನಡೆಯುತ್ತಿದ್ದ, ಹಲವು ದೇಶಗಳ ಇಂಥ ಸಮೀಕ್ಷೆಗಳ ಡೇಟಾ ಇಡುವ ಡಿಎಚ್‌ಎಸ್ ತಾಣದಿಂದ. 2025ರ ಆರಂಭದಲ್ಲಿ ಅಲ್ಲಿನ ಸರ್ಕಾರ ಹಣ ನಿಲ್ಲಿಸಿತು. ಹೊಸ ಅರ್ಜಿಗಳು ಅಲ್ಲೇ ನಿಂತವು. ನಮ್ಮ ಮನೆಗಳ ಲೆಕ್ಕ ನೋಡಲು ನಾವೇ ಕಾಯಬೇಕಾಯಿತು. ಈ ವಿಷಯದಲ್ಲಿ ರೇಷ್ಮೆ ಗೂಡು ಅವರ ಮೊದಲ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ.


ರೇಷ್ಮೆ ಗೂಡು
ಮಂಗಳವಾರ, ಬೆಳಿಗ್ಗೆ 8:15

ಧನ್ಯವಾದ ಸರ್. ಹಾಗೆ ನೋಡಿದರೆ ಪೂರ್ತಿ ಮುಚ್ಚುವುದೂ ಸರಿಯಲ್ಲ. 2021ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ ದೇಶಗಳ ವಿಜ್ಞಾನಿಗಳು ಓಮಿಕ್ರಾನ್ ಬಗ್ಗೆ ಪ್ರಪಂಚಕ್ಕೆ ಬೇಗ ಹೇಳಿದ್ದರಿಂದಲೇ ಎಲ್ಲರೂ ಎಚ್ಚರವಾದರು. ಅದಕ್ಕೆ ಅವರಿಗೆ ಸಿಕ್ಕಿದ್ದು ವಿಮಾನ ಬಂದ್. ಕೆಲವೇ ದಿನಗಳಲ್ಲಿ ಬಾಗಿಲು ಹಾಕಿಬಿಟ್ಟರು. ಸತ್ಯ ಹೇಳಿದ ಬಡವನಿಗೆ ದಂಡ ಹಾಕಿದರೆ ಮುಂದಿನ ಸಲ ಯಾರು ಹೇಳುತ್ತಾರೆ? ನನ್ನ ಸಿಟ್ಟು ಅಲ್ಲಿದೆ.


ಟೊಮೆಟೊ ತೋಟ
ಮಂಗಳವಾರ, ಬೆಳಿಗ್ಗೆ 9:00

ಅಕ್ಕ, ಅಲ್ಲಿಯವರೆಗೆ ನೀರು ಕುದಿಸಿ ಆರಿಸಿ ಕುಡಿಸಿ.


ಊರಿನ ಆಶಾ
ಮಂಗಳವಾರ, ಬೆಳಿಗ್ಗೆ 9:04

ಬೇಡ ಅಣ್ಣ! ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಜಾಸ್ತಿ ಆಗುತ್ತದೆ. ಕುದಿಸುವುದು ಕ್ರಿಮಿಗೆ. ಇದಕ್ಕೆ ಶುದ್ಧ ಕುಡಿಯುವ ನೀರಿನ ಘಟಕದ ನೀರು, ಇಲ್ಲ ಅಂದರೆ ಹಿಡಿದಿಟ್ಟ ಮಳೆ ನೀರು. ಎಂಟು ವರ್ಷದೊಳಗಿನ ಮಕ್ಕಳಿಗೆ ಮೊದಲು ಕೊಡಿ. ಹೊಸ ಹಲ್ಲು ಒಳಗೆ ತಯಾರಾಗುವುದು ಆ ವಯಸ್ಸಿನಲ್ಲಿ.


ಟೊಮೆಟೊ ತೋಟ
ಮಂಗಳವಾರ, ಬೆಳಿಗ್ಗೆ 9:10

ತಿಳಿದಿರಲಿಲ್ಲ ತಾಯಿ. ನಮ್ಮ ಮನೆಯಲ್ಲೂ ಕುದಿಸಿಯೇ ಕೊಡುತ್ತಿದ್ದೆವು. ಇವತ್ತೇ ಹೇಳುತ್ತೇನೆ.


ಕೆರೆಕೋಡಿ
ಶನಿವಾರ, ರಾತ್ರಿ 8:30

ಎಲ್ಲರಿಗೂ ಹೇಳಬೇಕು ಅಂತ ಬಂದೆ. ಎಣಿಕೆ ಸರ್ ಸಹಾಯದಿಂದ ಲೇಖನ ಬರೆದವರಿಗೆ ಮೇಲ್ ಕಳಿಸಿದೆ. ಎಥಿಕ್ಸ್ ಕಮಿಟಿಗೂ ಒಂದು ಪ್ರತಿ ಹಾಕಿದೆ. ಅಂಗನವಾಡಿ ಸಾಲಿನ ವಿಷಯವನ್ನು ಬಿಡಿಸಿ ಬರೆದೆ.

ನಿನ್ನೆ ಉತ್ತರ ಬಂತು. ಪಟ್ಟಿಯನ್ನು ಇಳಿಸಿದ್ದಾರೆ. ತಂದೆ ತಾಯಿ ಕೆಲಸದ ಕಾಲಂ ತೆಗೆದು, ಊರಿಗೆ ಸಂಖ್ಯೆ ಕೊಟ್ಟು ಮತ್ತೆ ಹಾಕುತ್ತಾರಂತೆ. ಈಗಾಗಲೇ ಡೌನ್‌ಲೋಡ್ ಮಾಡಿಕೊಂಡವರಿಂದ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಕ್ಷಮೆ ಕೇಳಿದ್ದಾರೆ. ಸಂಕ್ರಾಂತಿ ಕಳೆದ ಮೇಲೆ ಊರಿಗೆ ಬರುತ್ತಾರೆ. ನಾನು ಕೇಳಿದ್ದು ಎರಡು: ಮಕ್ಕಳ ಫಲಿತಾಂಶ ಅವರವರ ಮನೆಗೆ ಬೇರೆಬೇರೆಯಾಗಿ, ಬಾಗಿಲ ಒಳಗೆ ಕೂತು ಹೇಳಬೇಕು. ನೀರಿನ ಫಲಿತಾಂಶ ಪಂಚಾಯಿತಿ ಮುಂದೆ ಎಲ್ಲರಿಗೂ ಕೇಳುವಂತೆ ಹೇಳಬೇಕು. ಒಪ್ಪಿದ್ದಾರೆ.

ಅಕ್ಕನ ಮಗಳನ್ನು ಕೇಳಿದೆ, ನಿನ್ನ ಸಾಲು ಪೂರ್ತಿ ತೆಗೆಸಲಾ ಅಂತ. ಒಂದು ದಿನ ಯೋಚಿಸಿದಳು. "ಇರಲಿ ಚಿಕ್ಕಮ್ಮ. ನನ್ನನ್ನು ಒಂದು ಮಾತು ಕೇಳಿದ್ದರೆ ಆಗಲೇ ಇರಲಿ ಅನ್ನುತ್ತಿದ್ದೆ" ಅಂದಳು.

ಈಗ ಒಂದು ಸಹಾಯ ಬೇಕು. ಅವರು ಬರುವ ಮೊದಲು ಊರಿನ ಮೂರೂ ಬೋರ್‌ವೆಲ್ ನೀರನ್ನು ನಾವೇ ಒಂದು ಸಲ ಪರೀಕ್ಷೆ ಮಾಡಿಸಬೇಕು ಅಂತಿದ್ದೇವೆ. ಎಲ್ಲಿ, ಹೇಗೆ?


ಊರಿನ ಆಶಾ
ಶನಿವಾರ, ರಾತ್ರಿ 8:44

ಪಂಚಾಯಿತಿಯಲ್ಲಿ ಪರೀಕ್ಷೆಯ ಕಿಟ್ ಇರಬೇಕು, ಕೇಳಿ. ಪ್ರತಿ ಊರಲ್ಲಿ ಐದು ಹೆಂಗಸರಿಗೆ ಅದರ ತರಬೇತಿ ಕೊಡಬೇಕು ಅಂತ ಇದೆ. ಅದರಲ್ಲಿ ಜಾಸ್ತಿ ತೋರಿಸಿದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೆ ಕೊಡಿ. ನಿಮ್ಮೂರಿನ ಅಜ್ಜಿಯರಿಗೆ ಹೇಳುವ ದಿನ ನನ್ನನ್ನೂ ಕರೆಯಿರಿ ತಂಗಿ. ತೆಲುಗಿನಲ್ಲಿ ನಾನು ಹೇಳುತ್ತೇನೆ.


ಸ್ಯಾಂಪಲ್ ಡಬ್ಬಿ
ಶನಿವಾರ, ರಾತ್ರಿ 9:02

ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಪರೀಕ್ಷೆಗೆ ಪ್ಲಾಸ್ಟಿಕ್ ಬಾಟಲಿಯೇ ಬೇಕು. ಮೋಟರ್ ಐದು ನಿಮಿಷ ಓಡಲಿ. ಅದೇ ನೀರಿನಲ್ಲಿ ಬಾಟಲಿಯನ್ನು ಎರಡು ಮೂರು ಸಲ ತೊಳೆದು ಆಮೇಲೆ ತುಂಬಿ. ಮುಚ್ಚಳದ ಮೇಲೆ ಅಲ್ಲ, ಬಾಟಲಿಯ ಮೇಲೆ ಬರೆಯಿರಿ: ಯಾವ ಬೋರ್‌ವೆಲ್, ಯಾವ ದಿನ, ಎಷ್ಟು ಗಂಟೆ. ಮುಚ್ಚಳ ಅದಲು ಬದಲಾಗುತ್ತದೆ. ಭಾನುವಾರ ನಾನು ಬಿಡುವಾಗಿದ್ದೇನೆ, ಬೇಕಾದರೆ ಬರುತ್ತೇನೆ.